ವಂಶಶೋಧನೆಯಲ್ಲಿ ಹಳೆಯ ನಕಾಶೆಗಳು: ಬೆಂಗಳೂರು ಉತ್ತರ

ಆರ್.ಟಿ. ನಗರದ ಹಳೆಯ ಕ್ರಯಪತ್ರವೊಂದನ್ನು ಬಿಚ್ಚಿ ಷೆಡ್ಯೂಲು ನೋಡಿದರೆ ರವೀಂದ್ರನಾಥ ಟ್ಯಾಗೋರರ ಹೆಸರಿನ ಬಡಾವಣೆಯ ಅಡಿಯಲ್ಲಿ ಮಠದಹಳ್ಳಿ ಎಂಬ ಇನ್ನೊಂದು ಊರು ಕಾಣುತ್ತದೆ. ಅದರ ಮುಂದೆ ಕಸಬಾ ಹೋಬಳಿ, ಬೆಂಗಳೂರು ಉತ್ತರ ತಾಲ್ಲೂಕು. ಟ್ಯಾಗೋರರ ಹೆಸರು ಅಂಚೆಯವರಿಗೆ, ಮಠದಹಳ್ಳಿಯ ಹೆಸರು ಕಂದಾಯ ಇಲಾಖೆಗೆ. ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳ ಸುತ್ತ ಮುತ್ತಾತನ ಜಾಡು ಹುಡುಕಿ ಹೊರಟವರು ಈ ಎರಡನೆಯ ಹೆಸರನ್ನೇ ಹಿಡಿಯಬೇಕು. ನಕಾಶೆಗಳೂ ಕಡತಗಳೂ ಆ ಹೆಸರಿನಲ್ಲೇ ಇವೆ. ಯುರೋಪಿನ ವಂಶಶೋಧಕರಿಗೆ ಚರ್ಚಿನ ಜನನ, ವಿವಾಹ, ಮರಣಗಳ ಪುಸ್ತಕವೇ ಮೊದಲ ಆಸರೆ, ನಕಾಶೆ ಅದಕ್ಕೆ ಪೂರಕ. ಹಳೆಯ ಮೈಸೂರು ಸೀಮೆಯ ಬಹುಪಾಲು ಮನೆಗಳಿಗೆ ಅಂಥ ಪುಸ್ತಕವಿಲ್ಲ. ಇಲ್ಲಿ ನೆಲದ ಲೆಕ್ಕವೇ ಮನೆತನದ ಲೆಕ್ಕವಾಗಿ ಉಳಿದುಬಂದಿದೆ.

ಗ್ರಾಮ ನಕಾಶೆ

ಮೈಸೂರಿನಲ್ಲಿ ಮೊದಲು ನೆಲವನ್ನು ಬಿತ್ತನೆಯಿಂದ ಅಳೆಯುವ ರೂಢಿಯಿತ್ತು: ಇಷ್ಟು ಖಂಡುಗದ ಗದ್ದೆ, ಇಷ್ಟು ಕೊಳಗದ ಹೊಲ. ಸರಪಳಿ ಹಿಡಿದು ಹೊಲಹೊಲವನ್ನೂ ಅಳೆಯುವ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ, ಲೆವಿನ್ ಬೌರಿಂಗ್ ಕಮಿಷನರ್ ಆಗಿದ್ದಾಗ, ಮುಂಬಯಿ ಪ್ರಾಂತ್ಯದ ಪದ್ಧತಿಯನ್ನು ಅನುಸರಿಸಿ. 33 ಅಡಿಯ ಸರಪಳಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ, ಅಂದರೆ 1,089 ಚದರಡಿ. 40 ಗುಂಟೆ ಕೂಡಿದರೆ ಒಂದು ಎಕರೆ. ಹಳೆಯ ದಾಖಲೆಯಲ್ಲಿ 2-20 ಎಂದಿದ್ದರೆ ಎರಡೂವರೆ ಎಕರೆ ಎಂದರ್ಥ. ಕ್ಯಾಲ್ಕುಲೇಟರಿಗೆ ಒಗ್ಗಿದ ಮೊಮ್ಮಕ್ಕಳು ಇದನ್ನು 2.20 ಎಂದು ಓದಿ ಅಜ್ಜನ ಜಮೀನನ್ನು 12 ಗುಂಟೆ ಕಡಿಮೆ ಮಾಡಿಬಿಡುವುದುಂಟು.

ಅಳತೆಗಾರ ಹೊಲದಲ್ಲೇ ನಿಂತು ಗುರುತು ಹಾಕಿಕೊಂಡ ಕೈಚಿತ್ರಕ್ಕೆ ಟಿಪ್ಪಣಿ ಎಂದು ಹೆಸರು. ಅದು ಪ್ರಮಾಣಬದ್ಧ ಚಿತ್ರವಲ್ಲ; ಅಲ್ಲಿ ನಂಬಬೇಕಾದದ್ದು ಗೆರೆಯ ಪಕ್ಕದ ಅಂಕಿಗಳನ್ನು. ಇಂಥ ಅಳತೆಗಳನ್ನೆಲ್ಲ ಕೂಡಿಸಿ ಮೈಲಿಗೆ 8 ಅಂಗುಲದ, ಅಂದರೆ 1:7,920ರ ಪ್ರಮಾಣದಲ್ಲಿ ಇಡೀ ಊರಿನ ನಕಾಶೆ ಬರೆದರು. ಕೆರೆ, ಕುಂಟೆ, ಹಳ್ಳ, ಗುಂಡುತೋಪು, ಗೋಮಾಳ, ಸ್ಮಶಾನ, ಬಂಡಿದಾರಿ, ಗಡಿಯ ಬಾಂದುಕಲ್ಲು ಎಲ್ಲವೂ ಅದರಲ್ಲಿವೆ. ಹಳ್ಳಿಯ ವ್ಯಾಜ್ಯಗಳಲ್ಲಿ ಇವತ್ತಿಗೂ ಕೇಳಿಬರುವ ‘ನಕಾಶೆ ಕಂಡ ದಾರಿ’ ಎಂಬ ಮಾತು ಹುಟ್ಟಿದ್ದು ಈ ಹಾಳೆಯಿಂದಲೇ.

ಗ್ರಾಮ ನಕಾಶೆಯಲ್ಲಿ ಮನುಷ್ಯರ ಹೆಸರಿಲ್ಲ, ಸರ್ವೆ ನಂಬರಿದೆ. ಆ ನಂಬರನ್ನು ಹಿಡಿದು ಜೊತೆಯ ಪುಸ್ತಕಗಳಿಗೆ ಹೋಗಬೇಕು. ಆಕಾರಬಂದಿನಲ್ಲಿ ವಿಸ್ತೀರ್ಣ, ಖರಾಬು (ಸಾಗುವಳಿಗೆ ಬಾರದ ನೆಲ), ಕಂದಾಯದ ಆಕಾರ ಸಿಗುತ್ತವೆ. ಖೇತವಾರು ಪತ್ರಿಕೆ ಮೊದಲಾದ ಸೆಟ್ಲ್‌ಮೆಂಟ್ ಪುಸ್ತಕಗಳಲ್ಲಿ ಅಂದಿನ ಹಿಡುವಳಿದಾರನ ಹೆಸರು ಸಿಗಬಹುದು. ಆಮೇಲಿನ ಕಾಲಕ್ಕೆ ಐ.ಎಲ್.ಆರ್.ಆರ್. ಎಂದೇ ಬಾಯಿಗೆ ಬಂದಿರುವ ಹಕ್ಕುದಾಖಲೆ, ಅದರ ನಂತರ ಕೈಬರಹದ ಪಹಣಿ, 2000ದ ಈಚೆಗೆ ‘ಭೂಮಿ’ ಯೋಜನೆಯ ಗಣಕೀಕೃತ ಪಹಣಿ. ಕುಟುಂಬದ ಕಥೆಯ ತಿರುಳಿರುವುದು ಮ್ಯುಟೇಷನ್ನಿನಲ್ಲಿ, ಅಂದರೆ ಹಕ್ಕು ಬದಲಾವಣೆಯ ದಾಖಲೆಯಲ್ಲಿ. ಪೌತಿ ಖಾತೆಯ ಕಡತದಲ್ಲಿ ಸತ್ತವರು ಯಾರು, ವಾರಸುದಾರರು ಯಾರು ಎಂಬುದು ದಾಖಲಾಗಿರುತ್ತದೆ; ಅದೃಷ್ಟವಿದ್ದರೆ ವಂಶವೃಕ್ಷವೇ ಲಗತ್ತಾಗಿರುತ್ತದೆ.

ನಕಾಶೆಯನ್ನೇ ವಂಶವೃಕ್ಷವಾಗಿ ಓದಲೂ ಬರುತ್ತದೆ. ಕೆರೆಯ ಕೆಳಗಿನ ಸರ್ವೆ ನಂಬರ್ 42 ಮೊದಲು 6 ಎಕರೆಯ ಒಂದೇ ತುಂಡಾಗಿತ್ತು ಎಂದಿಟ್ಟುಕೊಳ್ಳಿ. ಮುಂದಿನ ಹಿಸ್ಸಾ (ಪಾಲಿನ) ನಕ್ಷೆಯಲ್ಲಿ ಅದು 42/1, 42/2, 42/3 ಎಂದು ಎರಡೆರಡು ಎಕರೆಯ ಮೂರು ಪಟ್ಟಿಗಳಾಗಿದೆ. ಪಟ್ಟಿಗಳು ಕಾಲುವೆಯಿಂದ ಬಂಡಿದಾರಿಯವರೆಗೆ ಉದ್ದುದ್ದಕ್ಕೆ ಚಾಚಿವೆ. ಅಡ್ಡಲಾಗಿ ಸೀಳಿದ್ದರೆ ಒಬ್ಬನಿಗೆ ನೀರು, ಇನ್ನೊಬ್ಬನಿಗೆ ದಾರಿ ತಪ್ಪುತ್ತಿತ್ತು. ಇಂಥ ಸಮಪಾಲು ಮೂವರು ಅಣ್ಣತಮ್ಮಂದಿರ ಲಕ್ಷಣ. ಅದರಲ್ಲಿ ನಡುವಿನದು ಮತ್ತೆ 42/2ಎ, 42/2ಬಿ ಆಗಿದ್ದರೆ ನಡುವಿನವನಿಗೆ ಇಬ್ಬರು ಗಂಡುಮಕ್ಕಳಿದ್ದರೆಂದು ಊಹಿಸಬಹುದು. ಮೂಲೆಯಲ್ಲಿ 10 ಗುಂಟೆಯ ತುಂಡೊಂದು ಸಮಪಾಲಿಗೆ ಹೊಂದದೆ ನಿಂತಿದ್ದರೆ ಅದು ಸಾಲಕ್ಕೆ ಮಾರಿದ್ದೋ ಮಗಳಿಗೆ ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದೋ ಆಗಿರಬಹುದು. ಇದೆಲ್ಲ ಊಹೆಯೇ. ಮ್ಯುಟೇಷನ್ನಿನಲ್ಲಿ ‘ವಿಭಾಗ’, ‘ಕ್ರಯ’, ‘ದಾನ’ ಎಂಬ ಪದಗಳಲ್ಲಿ ಯಾವುದಿದೆ ಎಂದು ನೋಡಿದ ಮೇಲೆಯೇ ಅದನ್ನು ಸಂಗತಿ ಎನ್ನಬೇಕು. ಇನ್ನೊಂದು ಎಚ್ಚರವೂ ಬೇಕು: ಮನೆಯೊಳಗೆ ಪಾಲಾದ ಜಮೀನು ಅಳತೆಯಾಗಿ ಪೋಡಿಯಾಗಲು, ಅಂದರೆ ಪ್ರತ್ಯೇಕ ನಂಬರಾಗಲು, ವರ್ಷಗಟ್ಟಲೆ, ಕೆಲವೊಮ್ಮೆ ಒಂದು ತಲೆಮಾರೇ ಹಿಡಿಯುತ್ತದೆ. ಹಿಸ್ಸಾ ನಕ್ಷೆಯ ತಾರೀಖನ್ನು ಮನೆ ಒಡೆದ ತಾರೀಖು ಎಂದು ತಿಳಿದು ಮೋಸ ಹೋದವರು ಬಹಳ ಮಂದಿ.

ಇನಾಂ ಜಮೀನಿನ ನಂಬರುಗಳು ಇನ್ನೂ ಹೆಚ್ಚು ಮಾತಾಡುತ್ತವೆ. ಕೆರೆಯ ತೂಬಿನ ಕೆಳಗಿನ ತುಂಡಿಗೆ ನೀರಗಂಟಿ ಇನಾಂ ಎಂದು ಬರೆದಿದ್ದರೆ, ಆ ಮನೆಯವರು ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದವರು. ತೋಟಿ ಇನಾಂ, ತಳವಾರಿಕೆ ಇನಾಂ, ಹೀಗೆ ಒಂದೊಂದೂ ಕಸುಬನ್ನು ಹೇಳುತ್ತದೆ. ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದ 1961ರ ಕಾಯ್ದೆ ಬಂದ ಮೇಲೆ ಈ ಜಮೀನುಗಳು ರೈತವಾರಿಯಾದವು. ಮರುಮಂಜೂರಾತಿ ಕಡತಗಳಲ್ಲಿ ಹುದ್ದೆ ನಡೆಸಿದ ಮನೆಗಳ ವಿವರ ಉಳಿದಿದೆ. ಊರೇ ಇನಾಂ ಆಗಿದ್ದ ಕಡೆ 1954 ಮತ್ತು 1955ರ ಇನಾಂ ರದ್ದತಿ ಕಾಯ್ದೆಗಳ ಕಡತ ತೆಗೆಸಬೇಕು. ಇನಾಂದಾರ ಯಾರು, ಅವನ ಕೆಳಗೆ ಉಳುತ್ತಿದ್ದ ಕಾದೀಂ (ಪುರಾತನ) ಒಕ್ಕಲು ಯಾರು, ಕಾಯಂ ಒಕ್ಕಲು ಯಾರು ಎಂಬ ವಿಂಗಡಣೆ ಅಲ್ಲಿರುತ್ತದೆ.

ನಕಾಶೆ ಬಿಟ್ಟ ಜನ

ಊರಿನ ಮನೆಗಳಿರುವ ಗ್ರಾಮಠಾಣ ಈ ನಕಾಶೆಯಲ್ಲಿ ಖಾಲಿ ಜಾಗ. ಕಂದಾಯವಿಲ್ಲದ ನೆಲದ ಒಳವಿವರ ಸರ್ಕಾರಕ್ಕೆ ಬೇಕಿರಲಿಲ್ಲ. ಗ್ರಾಮಠಾಣದ ಮನೆಮನೆಯನ್ನೂ ಡ್ರೋನಿನಿಂದ ಅಳೆಯುವ ಸ್ವಾಮಿತ್ವ ಯೋಜನೆ ಬಂದದ್ದು 2020ರಲ್ಲಿ. ಆ ಹೊತ್ತಿಗೆ ನಗರದೊಳಗಿನ ಹಳ್ಳಿಗಳ ಹಟ್ಟಿಗಳು ನಾಲ್ಕಂತಸ್ತಿನ ಬಾಡಿಗೆ ಮನೆಗಳಾಗಿದ್ದವು.

ಜಮೀನಿಲ್ಲದವರು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಕೂಲಿ, ಜೀತದ ಮನೆಗಳ ಹೆಸರು ಮೊದಲ ಬಾರಿಗೆ ಕಾಣಿಸುವುದು ಸಾಮಾನ್ಯವಾಗಿ ಸರ್ಕಾರಿ ಜಮೀನಿನ ದರಖಾಸ್ತು ಮಂಜೂರಾತಿಯಲ್ಲಿ. ಗೋಮಾಳದ ನಂಬರಿನ ಅಂಚಿನಲ್ಲಿ ಒಂದೇ ಅಳತೆಯ ಪುಟ್ಟ ತುಂಡುಗಳು ಸಾಲಾಗಿದ್ದರೆ ಅವು ಅಂಥ ಮಂಜೂರಾತಿಯ ಗುರುತಿರಬಹುದು. ಪರಿಶಿಷ್ಟರಿಗೆ ಕೊಟ್ಟ ಇಂಥ ಜಮೀನು ಪರಭಾರೆಯಾದಾಗ ಅಂಥ ಪರಭಾರೆಯನ್ನು ತಡೆಯುವ 1978ರ ಕಾಯ್ದೆಯಡಿ ನಡೆದ ಪ್ರಕರಣಗಳಲ್ಲಿ ಮೂಲ ಮಂಜೂರಿದಾರರಿಂದ ಇಂದಿನವರೆಗಿನ ವಾರಸುದಾರರ ಪಟ್ಟಿ ಬಿಡಿಸಿಟ್ಟಿರುತ್ತದೆ. ಗೇಣಿದಾರರ ಮನೆತನಗಳಿಗೆ 1974ರ ಭೂಸುಧಾರಣಾ ತಿದ್ದುಪಡಿಯ ನಮೂನೆ 7ರ ಅರ್ಜಿಗಳೇ ಆಸರೆ. ಭೂನ್ಯಾಯಮಂಡಳಿಯ ಮುಂದೆ ಕೊಟ್ಟ ಹೇಳಿಕೆಗಳಲ್ಲಿ ಎಷ್ಟು ತಲೆಮಾರಿನಿಂದ ಉಳುತ್ತಿದ್ದೇವೆ ಎಂಬ ಮಾತು ಬರುತ್ತದೆ. ಹೆಣ್ಣುಮಕ್ಕಳ ಹೆಸರು ಈ ಪುಸ್ತಕಗಳಲ್ಲಿ ವಿಧವೆಯಾಗಿಯೋ ಅಪ್ರಾಪ್ತ ಮಗನ ಪೋಷಕಿಯಾಗಿಯೋ ಮಾತ್ರ ಇಣುಕುವುದೇ ಹೆಚ್ಚು. ಪಿತ್ರಾರ್ಜಿತದಲ್ಲಿ ಮಗಳಿಗೆ ಸಮಪಾಲು ಕೊಟ್ಟ ಕರ್ನಾಟಕದ ತಿದ್ದುಪಡಿ 1994ರದು. ಅದರಿಂದ ಈಚೆಗೆ ವಂಶವೃಕ್ಷಗಳು ಅಗಲವಾಗಿವೆ. ಅಜ್ಜಿಯ ತವರು ಹುಡುಕಲು ನಕಾಶೆಯನ್ನು ಬೇರೆ ರೀತಿಯಲ್ಲಿ ಬಳಸಬೇಕಾಗುತ್ತದೆ: ಊರಿನಿಂದ ಎತ್ತಿನಗಾಡಿ ಒಂದು ದಿನದಲ್ಲಿ ಹೋಗಿಬರುವಷ್ಟು ದೂರಕ್ಕೆ ಸುತ್ತು ಎಳೆದು, ಅದರೊಳಗಿನ ಹಳ್ಳಿಗಳ ಹೆಸರನ್ನು ಮನೆಯ ಹಿರಿಯ ಹೆಂಗಸರ ಮುಂದೆ ಒಂದೊಂದಾಗಿ ಓದುವುದು. ಪಟ್ಟಿ ಓದಿದಾಗ ಮರೆತ ಹೆಸರು ನೆನಪಾಗುವಷ್ಟು ಸುಲಭವಾಗಿ ಬರಿದೇ ಕೇಳಿದಾಗ ನೆನಪಾಗುವುದಿಲ್ಲ.

ಸರ್ವೆ ಆಫ್ ಇಂಡಿಯಾದ ಹಾಳೆಗಳು

ನಾವು ಹೇಳುತ್ತಿರುವ ನಾಲ್ಕು ಊರುಗಳೂ ಒಂದೇ ಹಾಳೆಯಲ್ಲಿ ಬರುತ್ತವೆ: 57 ಜಿ/12. ಅಕ್ಷಾಂಶ 13 ಡಿಗ್ರಿಯಿಂದ 13 ಡಿಗ್ರಿ 15 ಮಿನಿಟು, ರೇಖಾಂಶ 77 ಡಿಗ್ರಿ 30 ಮಿನಿಟಿನಿಂದ 45 ಮಿನಿಟು. ಹದಿಮೂರನೆಯ ಅಕ್ಷಾಂಶದ ಗೆರೆ ನಗರದ ನಡುವೆ ಹಾದುಹೋಗುವುದರಿಂದ ಕೋಟೆ, ಪೇಟೆಗಳೆಲ್ಲ ಕೆಳಗಿನ 57 ಎಚ್/9ಕ್ಕೆ ಬಿದ್ದಿವೆ. ಹಳೆಯ ಮುದ್ರಣಗಳು ಮೈಲಿಗೆ ಒಂದು ಅಂಗುಲದವು, ಮೆಟ್ರಿಕ್ ಪದ್ಧತಿಯವು 1:50,000. ಇವುಗಳಲ್ಲಿ ಹೊಲದ ಗಡಿ ಇಲ್ಲ. ಊರು, ಕೆರೆ, ದಾರಿ, ದಿಣ್ಣೆಗಳು ಒಂದಕ್ಕೊಂದು ಹೇಗಿದ್ದವು ಎಂಬುದಿದೆ. ಅಮೆರಿಕದ ಸೈನ್ಯದ ನಕ್ಷೆ ಇಲಾಖೆ 1950ರ ದಶಕದಲ್ಲಿ 1:2,50,000ರ ಪ್ರಮಾಣದಲ್ಲಿ ಹೊರತಂದ ಹಾಳೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಎಲ್ಲರಿಗೂ ತೆರೆದಿಟ್ಟಿದೆ. ಅವು ಅಷ್ಟು ವಿವರವಾಗಿಲ್ಲ, ಆದರೆ ಬಡಾವಣೆಗಳು ಬರುವ ಮೊದಲಿನ ಹಳ್ಳಿಗಳ ಹಂಚಿಕೆಯನ್ನು ಕುಳಿತಲ್ಲೇ ನೋಡಲು ಸಾಕು.

ತಾರೀಖಿಲ್ಲದ ನಕ್ಷೆ ಕೈಗೆ ಸಿಕ್ಕಾಗ ಅದರ ವಯಸ್ಸನ್ನು ಈ ಭಾಗದಲ್ಲಿ ಸುಲಭವಾಗಿ ಅಂದಾಜು ಮಾಡಬಹುದು. ಸ್ಯಾಂಕಿ ಕೆರೆ ಇದ್ದರೆ 1882ರ ಈಚಿನದು. ಯಶವಂತಪುರದ ಮೇಲೆ ತುಮಕೂರಿನ ಕಡೆಗೆ ರೈಲು ಹಳಿ ಇದ್ದರೆ 1884ರ ನಂತರದ್ದು. ಯಲಹಂಕದ ಮೂಲಕ ಹಿಂದೂಪುರಕ್ಕೆ ಹೋಗುವ ಹಳಿಯೂ ಇದ್ದರೆ 1890ರ ದಶಕಕ್ಕೆ ಬಂದೆವು. ಹೆಸರಘಟ್ಟದಿಂದ ನಗರಕ್ಕೆ ನೀರು ತರುವ ಮೇಲ್ಗಾಲುವೆ 1894ರ ಯೋಜನೆಯದು. ಮತ್ತಿಕೆರೆಯ ಪಕ್ಕದಲ್ಲಿ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಯಾದ ಟಾಟಾ ಇನ್‌ಸ್ಟಿಟ್ಯೂಟ್ ಕಂಡರೆ 1909ರ ಈಚೆ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಕವಲೊಡೆಯುವ ಪುಟ್ಟ ರೈಲಿನ ಹಳಿ 1910ರ ದಶಕದ್ದು. ಜಾಲಹಳ್ಳಿಯಲ್ಲಿ ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳಿದ್ದರೆ 1950ರ ದಶಕಕ್ಕೆ ಬಂದಿದ್ದೇವೆ. ಅಂಚಿನಲ್ಲಿ ಅಚ್ಚಾದ ವರ್ಷವನ್ನಷ್ಟೇ ನೋಡಬಾರದು. ಅಳತೆ ಮಾಡಿದ ವರ್ಷ ಬೇರೆ ಇರುತ್ತದೆ, ಕೆಲವೊಮ್ಮೆ ಅದು ಬಹಳ ಹಿಂದಿನದು.

ಒಂದು ಬಲೆಯ ಬಗ್ಗೆ ಹೇಳಲೇಬೇಕು. ಇಪ್ಪತ್ತನೆಯ ಶತಮಾನದ ಆರಂಭದವರೆಗಿನ ನಕ್ಷೆಗಳ ರೇಖಾಂಶವನ್ನು ಮದರಾಸಿನ ವೀಕ್ಷಣಾಲಯದ ಹಳೆಯ ಬೆಲೆಯಿಂದ ಲೆಕ್ಕ ಹಾಕಿದ್ದರು. ಆ ಬೆಲೆಯಲ್ಲಿ ಸುಮಾರು 2 ಮಿನಿಟು 27 ಸೆಕೆಂಡು ಹೆಚ್ಚಿಗೆ ಸೇರಿತ್ತು. ನಮ್ಮ ಅಕ್ಷಾಂಶದಲ್ಲಿ ಅದು ಹತ್ತಿರಹತ್ತಿರ ನಾಲ್ಕೂವರೆ ಕಿಲೋಮೀಟರು. ಅಂಚಿನ ಅಂಕಿಯನ್ನೇ ನಂಬಿ ಹಾಳೆಯನ್ನು ಕಂಪ್ಯೂಟರಿನಲ್ಲಿ ಇಂದಿನ ನಕ್ಷೆಯ ಮೇಲೆ ಕೂರಿಸಿದರೆ ಯಶವಂತಪುರ ಬಂದು ಹೆಬ್ಬಾಳದ ನೇರಕ್ಕೆ ನಿಲ್ಲುತ್ತದೆ. ಕ್ಯೂಜಿಐಎಸ್‌ನಂಥ ಉಚಿತ ತಂತ್ರಾಂಶ ಬಳಸುವವರು ಅಂಕಿಯ ಗೋಜಿಗೆ ಹೋಗದೆ ಕದಲದ ಗುರುತುಗಳನ್ನು ಹಿಡಿದು ಹೊಂದಿಸುವುದು ಲೇಸು: ಕೆರೆಯ ಏರಿಯ ಎರಡು ತುದಿ, ಹಳೆಯ ದೇವಸ್ಥಾನ, ರೈಲು ಹಳಿಗಳು ಕವಲೊಡೆಯುವ ಜಾಗ. ಕೆರೆಯ ಅಂಗಳವನ್ನು ಮಾತ್ರ ನೆಚ್ಚಬಾರದು. ಮತ್ತಿಕೆರೆಯ ಕೆರೆ ಈಗ ಜೆ.ಪಿ. ಪಾರ್ಕು.

ಇದಕ್ಕೂ ಹಳೆಯ ನಕ್ಷೆಗಳಿಂದ ಮನೆತನದ ಕೆಲಸಕ್ಕೆ ಸಿಗುವುದು ಕಡಿಮೆ. ಕಾರ್ನ್‌ವಾಲಿಸ್‌ನ ಸೈನ್ಯ 1791ರ ಮಾರ್ಚಿನಲ್ಲಿ ಬೆಂಗಳೂರನ್ನು ಹಿಡಿದಾಗ ಬರೆಸಿದ ನಕ್ಷೆಗಳಿಗೆ ಕೋಟೆ, ಪೇಟೆಯ ಮೇಲೆ ಕಣ್ಣು. ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿ ಸುಮಾರು 40,000 ಚದರ ಮೈಲಿಯ ಮೈಸೂರು ಸರ್ವೆ ನಡೆಸಿದ. ಅವನ ನಕ್ಷೆಗಿಂತಲೂ, ಕಾವಲಿ ಬೋರಯ್ಯ, ಲಕ್ಷ್ಮಯ್ಯ ಸೋದರರಂಥ ಸಹಾಯಕರು ಊರೂರಿನಿಂದ ಕೂಡಿಹಾಕಿದ ಕೈಫಿಯತ್ತುಗಳು, ಅಂದರೆ ಸ್ಥಳೀಯ ವೃತ್ತಾಂತಗಳು, ಪಾಳೆಯಗಾರ ಮನೆತನಗಳ ಕಥೆಗೆ ಉಪಯುಕ್ತ. 1909ರ ಇಂಪೀರಿಯಲ್ ಗೆಜೆಟಿಯರ್ ಅಟ್ಲಾಸಿನಂಥವು ಗೋಡೆಗೆ ಚೆಂದ. ಮುತ್ತಾತನ ಹಳ್ಳಿ ಅಷ್ಟು ಸಣ್ಣ ಪ್ರಮಾಣದಲ್ಲಿ ಸಿಗುವುದಿಲ್ಲ.

ಬಡಾವಣೆಯ ಅಡಿಯ ಊರು

1899ರಲ್ಲಿ ಹೆಬ್ಬಾಳದ 30 ಎಕರೆಯಲ್ಲಿ ಕೃಷಿ ಪ್ರಯೋಗ ಕ್ಷೇತ್ರ ಆರಂಭವಾಯಿತು. ಮುಂದೆ ಯಶವಂತಪುರದ ಬಳಿ ಮೈಸೂರು ಅರಸರು ಟಾಟಾ ಇನ್‌ಸ್ಟಿಟ್ಯೂಟಿಗೆ ಸುಮಾರು 371 ಎಕರೆ ಕೊಟ್ಟರು. ಎರಡನೆಯ ಮಹಾಯುದ್ಧದಲ್ಲಿ ಜಾಲಹಳ್ಳಿಯಲ್ಲಿ ಇಟಲಿಯ ಯುದ್ಧಕೈದಿಗಳ ಶಿಬಿರಗಳು ಎದ್ದವು. ಆಮೇಲೆ ಕಾರ್ಖಾನೆ, ವಾಯುನೆಲೆ. 1945ರಲ್ಲಿ ಹುಟ್ಟಿದ ನಗರಾಭಿವೃದ್ಧಿ ಮಂಡಳಿ ಸಿ.ಐ.ಟಿ.ಬಿ. ಮತ್ತು ಅದರ ಜಾಗಕ್ಕೆ 1976ರಲ್ಲಿ ಬಂದ ಬಿ.ಡಿ.ಎ.ಗಳ ಬಡಾವಣೆಗಳು. ಭೂಸ್ವಾಧೀನ ಪ್ರತಿ ಸಲವೂ ಒಂದು ಊರನ್ನು ನಕ್ಷೆಯಿಂದ ಅಳಿಸುತ್ತಲೇ ಅದೇ ಊರಿನ ಬಗ್ಗೆ ಅತ್ಯಂತ ವಿವರವಾದ ದಾಖಲೆಯನ್ನು ಬಿಟ್ಟುಹೋಗಿದೆ. ರಾಜ್ಯಪತ್ರದಲ್ಲಿ ಅಚ್ಚಾಗುವ ಅಧಿಸೂಚನೆಯಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಖಾತೆದಾರರು, ಅನುಭವದಾರರು, ಚೆಕ್ಕುಬಂದಿ ಸಾಲಾಗಿ ಇರುತ್ತವೆ. ಖಾತೆದಾರರ ಅಂಕಣದಲ್ಲಿ ತೀರಿಹೋದ ಅಜ್ಜ, ಅನುಭವದಾರರ ಅಂಕಣದಲ್ಲಿ ಬದುಕಿದ್ದ ಮಕ್ಕಳು ಕಾಣುವುದು ಮಾಮೂಲು. ಎರಡು ತಲೆಮಾರು ಒಂದೇ ಸಾಲಿನಲ್ಲಿ. ಜಕ್ಕೂರು, ರಾಚೇನಹಳ್ಳಿ, ಥಣಿಸಂದ್ರ ಮೊದಲಾದ 16 ಹಳ್ಳಿಗಳ ಜಮೀನಿಗೆ 2003 ಮತ್ತು 2004ರಲ್ಲಿ ಹೊರಟ ಅರ್ಕಾವತಿ ಬಡಾವಣೆಯ ಅಧಿಸೂಚನೆಗಳು ಕೋರ್ಟು, ಪತ್ರಿಕೆಗಳಲ್ಲಿ ಹೆಸರು ಕೆಡಿಸಿಕೊಂಡಿವೆ. ವಂಶಶೋಧಕರ ಕಣ್ಣಿಗೆ ಅವು ಹಳ್ಳಿಯ ಮನೆತನಗಳ ಕೊನೆಯ ಸಮಗ್ರ ಪಟ್ಟಿ.

ಹೆಸರು, ಹೋಬಳಿ, ಜಿಲ್ಲೆ

ಅಜ್ಜನ ಹೆಸರಿನ ಮುಂದಿನ ಇನಿಷಿಯಲ್ಲಿನಲ್ಲಿ ಊರಿನ ಮೊದಲಕ್ಷರ ಇರುವುದು ಹಳೆಯ ಮೈಸೂರಿನ ರೂಢಿ. ಆದರೆ ಊರು ಗೊತ್ತಾದ ಮಾತ್ರಕ್ಕೆ ಜಾಗ ಗೊತ್ತಾಗುವುದಿಲ್ಲ. ಪುಟ್ಟೇನಹಳ್ಳಿ ಯಲಹಂಕದಲ್ಲೂ ಇದೆ, ಜೆ.ಪಿ. ನಗರದಲ್ಲೂ ಇದೆ. ಭೈರಸಂದ್ರ ಜಯನಗರದ ಪಕ್ಕದಲ್ಲೊಂದು. ಉತ್ತರದ್ದಕ್ಕೆ ಕಾವಲ್ ಭೈರಸಂದ್ರ ಎಂಬ ಹೆಸರು, ದನ ಮೇಯುವ ಕಾವಲಿನ ನೆನಪಿನೊಂದಿಗೆ. ಕೊಡಿಗೇಹಳ್ಳಿ, ಗೆದ್ದಲಹಳ್ಳಿ, ಕೆಂಪಾಪುರಗಳದೂ ಇದೇ ಪಾಡು. ಆದ್ದರಿಂದ ಊರಿನ ಜೊತೆಗೆ ಹೋಬಳಿಯನ್ನು ಬರೆದುಕೊಳ್ಳದ ಟಿಪ್ಪಣಿ ವ್ಯರ್ಥ. ಹೋಬಳಿಯೂ ಒಂದೇ ತಾಲ್ಲೂಕಿನಲ್ಲಿ ನಿಂತಿಲ್ಲ. ಬೆಂಗಳೂರು ಉತ್ತರದಲ್ಲಿದ್ದ ಯಲಹಂಕ, ಜಾಲ, ಹೆಸರಘಟ್ಟ ಹೋಬಳಿಗಳು ಈಗ ಹೊಸ ಯಲಹಂಕ ತಾಲ್ಲೂಕಿಗೆ ಸೇರಿವೆ. 1986ರಲ್ಲಿ ಜಿಲ್ಲೆ ನಗರ, ಗ್ರಾಮಾಂತರ ಎಂದು ಒಡೆದಾಗ ದೇವನಹಳ್ಳಿ, ದೊಡ್ಡಬಳ್ಳಾಪುರಗಳು ಬೇರೆಯಾದವು. ಕಡತ ಎಲ್ಲಿಗೆ ಹೋಯಿತೆಂದು ತಿಳಿಯಲು ಈ ಗಡಿಗಳ ಚರಿತ್ರೆ ಗೊತ್ತಿರಬೇಕು. 1951ರಿಂದ ಈಚಿನ ಜನಗಣತಿಯ ಜಿಲ್ಲಾ ಕೈಪಿಡಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಊರು ಯಾವಾಗ ‘ಬೇಚರಾಕ್’ ಆಯಿತು, ಯಾವಾಗ ನಗರದೊಳಗೆ ಕರಗಿತು ಎಂಬುದು ಹೊರಬೀಳುತ್ತದೆ. ಬೇಚರಾಕ್ ಎಂದರೆ ದೀಪವಿಲ್ಲದ್ದು, ಜನ ಬಿಟ್ಟುಹೋದ ಊರು. ಊರು ಹೋದರೂ ಅದರ ಸರ್ವೆ ನಂಬರುಗಳು ಉಳಿಯುತ್ತವೆ.

ಹೆಸರಿನ ಬರವಣಿಗೆಯೂ ಬದಲಾಗುತ್ತ ಬಂದಿದೆ. ಯಲಹಂಕ ಚೋಳರ ಕಾಲದ ತಮಿಳು ಶಾಸನಗಳಲ್ಲಿ ಇಲೈಪಾಕ್ಕ ನಾಡು. 2018ರಲ್ಲಿ ಚರಂಡಿ ಅಗೆಯುವಾಗ ಹೆಬ್ಬಾಳದಲ್ಲಿ ಸಿಕ್ಕ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲಿನಲ್ಲಿ ಪೆರ್ಬೊಳಲ್ ನಾಡು ಮೂವತ್ತು ಎಂಬ ಮಾತಿದೆ. ಹೆಬ್ಬಾಳ ಆ ಪೆರ್ಬೊಳಲಿನಿಂದ ಬಂದದ್ದು. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಬೆಂಗಳೂರು ಜಿಲ್ಲೆಯ ಸಂಪುಟವೂ, ಮಿಥಿಕ್ ಸೊಸೈಟಿ ಈಚೆಗೆ ಕೈಗೊಂಡ ಶಾಸನಗಳ ತ್ರಿ-ಡಿ ದಾಖಲೀಕರಣವೂ ಊರ ಹೆಸರಿನ ಹಳೆಯ ರೂಪಗಳಿಗೆ ಒಳ್ಳೆಯ ಆಕರ. ಶಾಸನದ ಗೌಡನನ್ನು ಹಿಡಿದು ತಮ್ಮ ಮನೆತನಕ್ಕೆ ಗಂಟು ಹಾಕುವ ಉತ್ಸಾಹವನ್ನು ಮಾತ್ರ ತಡೆದುಕೊಳ್ಳಬೇಕು. ನಡುವೆ ಸಾವಿರ ವರ್ಷದ ಖಾಲಿ ಇದೆ, ಅದನ್ನು ತುಂಬುವ ಕಾಗದವಿಲ್ಲ.

ಆ ಖಾಲಿಯನ್ನು ಅಷ್ಟಿಷ್ಟು ದಾಟಲು ಬಾಯಿಮಾತಿನ ಪರಂಪರೆ ಬೇಕು. ಎತ್ತಿನ ಮೇಲೆ ಊರೂರು ತಿರುಗಿ ಒಕ್ಕಲಿನ ವಂಶಾವಳಿ ಹೇಳುವ ಹೆಳವರು ಮೂಲ ಊರಿನ ಹೆಸರನ್ನೂ ಹೇಳುತ್ತಾರೆ. ಮೊರಸು ಒಕ್ಕಲಿಗರ ಸಂಪ್ರದಾಯ ಕಂಚಿಯ ಕಡೆಯಿಂದ ಬಂದು ದೇವನಹಳ್ಳಿಯ ಬಳಿಯ ಆವತಿಯಲ್ಲಿ ನೆಲೆಸಿದ್ದನ್ನು ಹೇಳುತ್ತದೆ. ಬೆಂಗಳೂರನ್ನು ಕಟ್ಟಿದ ಯಲಹಂಕ ನಾಡಪ್ರಭುಗಳ ಮನೆತನದ ಕಥೆಯೂ ಅದರಲ್ಲಿ ಸೇರಿದೆ. ಮನೆದೇವರು ಇನ್ನೊಂದು ಸುಳಿವು. ಯಲಹಂಕದಲ್ಲಿರುವ ಮನೆಯವರು ಕದಿರಿ ನರಸಿಂಹನಿಗೆ ನಡೆದುಕೊಳ್ಳುತ್ತಿದ್ದರೆ, ಹಿಂದೂಪುರದ ದಾರಿಗುಂಟ ಇರುವ ಹಳ್ಳಿಗಳನ್ನು ನಕಾಶೆಯಲ್ಲಿ ಒಮ್ಮೆ ನೋಡುವುದು ತಪ್ಪಲ್ಲ.

ಸಿಗುವ ಜಾಗ

ಗ್ರಾಮ ನಕಾಶೆಗಳು ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ಸಿಗುತ್ತವೆ. ಟಿಪ್ಪಣಿ, ಆಕಾರಬಂದುಗಳ ನಕಲಿಗೆ ತಾಲ್ಲೂಕಿನ ಸರ್ವೆ ಕಚೇರಿ, ಮ್ಯುಟೇಷನ್ ಕಡತಗಳಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮು, ಮೈಸೂರು ಸರ್ಕಾರದ ಹಳೆಯ ಕಡತಗಳಿಗೆ ರಾಜ್ಯ ಪತ್ರಾಗಾರ. ದಂಡು ಪ್ರದೇಶ 1881ರಿಂದ 1947ರವರೆಗೆ ಬ್ರಿಟಿಷರ ನೇರ ಆಡಳಿತದಲ್ಲಿದ್ದುದರಿಂದ ಅಲ್ಲಿ ದುಡಿದ ಮನೆತನಗಳ ಕಾಗದಗಳ ದಾರಿಯೇ ಬೇರೆ, ಕೆಲವು ಲಂಡನ್ನಿನ ಬ್ರಿಟಿಷ್ ಲೈಬ್ರರಿಯವರೆಗೂ ಹೋಗುತ್ತವೆ. ಹೊಲ ಈಗ ಎಲ್ಲಿದೆ ಎಂದು ನೋಡಲು ‘ದಿಶಾಂಕ್’ ಆ್ಯಪು ಸಾಕು. ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ನಿಂತರೂ ಕಾಲಡಿಯ ಸರ್ವೆ ನಂಬರನ್ನು ತೋರಿಸುತ್ತದೆ.

ಗ್ರಾಮ ನಕಾಶೆಯನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಊರಿನ ಹಿರಿಯರ ಮುಂದೆ ಹಾಸಿದರೆ ಅವರು ಉತ್ತರ ಯಾವ ಕಡೆ ಎಂದು ಕೇಳುವುದಿಲ್ಲ, ಕೆರೆ ಎಲ್ಲಿ ಎಂದು ಕೇಳುತ್ತಾರೆ. ಕೋಡಿಯ ಮೇಲೆ ಬೆರಳಿಟ್ಟು, ಅಲ್ಲಿಂದ ಕಾಲುವೆಗುಂಟ ಇಳಿಯುತ್ತ ಓದತೊಡಗುತ್ತಾರೆ: ಇದು ದಿಣ್ಣೆ ಹೊಲ, ಇದು ಹುಣಸೇಮರದ ಹೊಲ, ಇದು ನಿಮ್ಮಜ್ಜಿ ಮನೆಯವರ ಕಟ್ಟೆಕೆಳಗಿನ ಗದ್ದೆ. ಈ ಹೆಸರುಗಳು ಯಾವ ಪುಸ್ತಕದಲ್ಲೂ ಇಲ್ಲ. ಪೆನ್ಸಿಲಿನಲ್ಲಿ ಆಯಾ ನಂಬರಿನ ಮೇಲೆ ಅಲ್ಲಲ್ಲೇ ಬರೆದುಕೊಳ್ಳಬೇಕು.